ಹೆಕ್ಟರ್‌ಗೆ ನಾನು ಬಾಯಿಪಾಠ ಮಾಡಿಸಿದ ಐದು ಪದಗಳು

ಮರೆವಿನ ಕಾಯಿಲೆಯವರು ಇರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ಮಾಡುವ ಪರೀಕ್ಷೆಗೆ ಯಾರನ್ನೂ ತಯಾರಿ ಮಾಡಿಸಿ ಕರೆದುಕೊಂಡು ಹೋಗಬೇಡಿ. ನಾನು ಕರೆದುಕೊಂಡು ಹೋದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು ನಾನು. ತಯಾರಿಯಿಲ್ಲದೆ ಪರೀಕ್ಷೆಗೆ ಕೂರುವುದು ನನ್ನ ಕಣ್ಣಿಗೆ ಅಪರಾಧವಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಸ್ಟೇಷನ್ ಮಾಸ್ಟರ್. ನಮ್ಮ ಮನೆಯಲ್ಲಿ ಹಸಿವು ಕೂಡ ಗಡಿಯಾರ ನೋಡಿಕೊಂಡೇ ಆಗುತ್ತಿತ್ತು. ಆ ಅಭ್ಯಾಸ ನನ್ನ ಜೊತೆ ಆಕ್ಲೆಂಡಿಗೂ ಬಂತು. ಮೌಂಟ್ ಆಲ್ಬರ್ಟಿನ ನಮ್ಮ ಮನೆಯಲ್ಲಿ ಆರಕ್ಕೆ ಕಾಫಿ, ಏಳಕ್ಕೆ ತಿಂಡಿ, ಸೋಮವಾರ ಹಾಸಿಗೆ ಬಟ್ಟೆ, ಬುಧವಾರ ಸಂಜೆ ಕಸದ ಡಬ್ಬ ರಸ್ತೆಗೆ. ಬೀಗದ ಕೈಗೆ ಒಂದು ಮೊಳೆ, ಕನ್ನಡಕಕ್ಕೆ ಒಂದು ತಟ್ಟೆ. ಮೊಳೆ ಹೊಡೆದವನು, ತಟ್ಟೆ ಕೆತ್ತಿದವನು ನನ್ನ ಗಂಡ ಹೆಕ್ಟರ್.

ಹೆಕ್ಟರ್ ಚಿಲಿ ದೇಶದವನು. ಅಲ್ಲಿ ಸೈನ್ಯದ ಆಡಳಿತ ಬಂದ ಮೇಲೆ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಕ್ಕನ ಜೊತೆ ಇಲ್ಲಿಗೆ ಬಂದ. ತಾಯಿಯನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ನಾವಿಬ್ಬರೂ ಒಂದೇ ಶಾಲೆಯಲ್ಲಿದ್ದೆವು. ನನ್ನದು ಗಣಿತ, ಅವನದು ಮರಗೆಲಸ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವನು. ನನ್ನನ್ನು ಮದುವೆಗೆ ಮೊದಲು ಹೇಗೋ ಮದುವೆಯಾದ ಮೇಲೂ ಹಾಗೆಯೇ "ಪ್ರೊಫೆ" ಎಂದೇ ಕರೆದ. ಅವನ ಭಾಷೆಯಲ್ಲಿ ಮಕ್ಕಳು ಟೀಚರನ್ನು ಕರೆಯುವ ರೀತಿ ಅದು. ನಮ್ಮದು ಇಂಗ್ಲಿಷಿನಲ್ಲಿ ನಡೆದ ಸಂಸಾರ. ನನ್ನಿಂದ ಅವನು ಕಲಿತ ಕನ್ನಡ ಮೂರು ಮಾತು: "ಸಾಕು", "ಬೇಡ", "ಊಟ ಆಯ್ತಾ". ಗಂಡ ಹೆಂಡತಿ ನೆಮ್ಮದಿಯಾಗಿರಲು ಇಷ್ಟು ಸಾಕಾಗುತ್ತದೆ. ನನ್ನ ವೇಳಾಪಟ್ಟಿಯನ್ನು ಕಂಡು ಅವನು, "ಪ್ರೊಫೆ, ಈ ಮನೆಯಲ್ಲಿ ಎಲ್ಲಾ ಇದೆ, ರೈಲು ಬರೋದೊಂದೇ ಬಾಕಿ" ಎಂದು ರೇಗಿಸುತ್ತಿದ್ದ.

ಈ ಶಿಸ್ತೇ ಅವನ ಕಾಯಿಲೆಯನ್ನು ಮುಚ್ಚಿಟ್ಟಿತು. ನಮ್ಮ ಮನೆಯಲ್ಲಿ ಅವನು ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಮೊಳೆ, ತಟ್ಟೆ, ವಾರದ ದಿನಗಳು ಅವನ ಪರವಾಗಿ ನೆನಪಿಟ್ಟುಕೊಳ್ಳುತ್ತಿದ್ದವು. ಹಾಗಾಗಿ ಮೊದಲ ಬಿರುಕು ಕಂಡದ್ದು ಮನೆಯೊಳಗಲ್ಲ, ಹಿತ್ತಲಿನ ಅವನ ಶೆಡ್ಡಿನಲ್ಲಿ. ಮಗಳು ಲೀಲಾಳಿಗೆ ಒಂದು ಬೀರು ಮಾಡುತ್ತಿದ್ದ. ಒಂದು ಡ್ರಾಯರು ಒಳಗೆ ಹೋಗಲಿಲ್ಲ. ಕೀಸಿದ, ಹಾಕಿ ನೋಡಿದ, ಮತ್ತೆ ಕೀಸಿದ. ನಾನು ಚಹಾ ತೆಗೆದುಕೊಂಡು ಹೋದಾಗ ಹಲಗೆ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಅವನು ಡ್ರಾಯರನ್ನು ತಲೆಕೆಳಗಾಗಿ ತೂರಿಸುತ್ತಿದ್ದ. ನಲವತ್ತು ವರ್ಷ ಮಕ್ಕಳಿಗೆ "ಎರಡು ಸಲ ಅಳೆ, ಒಂದು ಸಲ ಕೊಯ್ಯಿ" ಎಂದು ಹೇಳಿದ ಮನುಷ್ಯ. ನನ್ನನ್ನು ನೋಡಿ ನಗಲು ಹೋದ, ಆಗಲಿಲ್ಲ.

ಆಗ ಅವನಿಗೆ ಅರವತ್ತಮೂರು.

ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆವು. ಆಕೆ ಚಿಕ್ಕ ವಯಸ್ಸಿನವರು, ಸಮಾಧಾನದ ಹೆಂಗಸು. ಮೊದಲು ಕೇಳಿದ್ದು ಮನೆತನದ ವಿಷಯ: "ನಿಮ್ಮ ತಂದೆ ತಾಯಿ ಯಾರಿಗಾದರೂ ಹೀಗೆ ಮರೆವು ಇತ್ತಾ?"

"ಅಮ್ಮ ದಾರಿ ತಪ್ಪುತ್ತಿದ್ದಳು" ಎಂದ ಹೆಕ್ಟರ್.

ಅವನು ಮುಂದೆ ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ನಾನು, "ಅವರಿಗೆ ವಯಸ್ಸಾಗಿತ್ತು" ಎಂದೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಆ ತಾಯಿಯನ್ನು ನಾನು ಕಂಡವಳಲ್ಲ. ಅವನು ಆಕೆಯ ವಿಷಯ ಎತ್ತುತ್ತಲೂ ಇರಲಿಲ್ಲ. ಆದರೂ ಉತ್ತರ ಕೊಟ್ಟೆ. ಇಪ್ಪತ್ತೊಂದು ವರ್ಷದ ಮಗ ಬಿಟ್ಟು ಬಂದ ತಾಯಿಗೆ ಎಷ್ಟು ವಯಸ್ಸಾಗಿದ್ದೀತು? ಆರನೇ ಕ್ಲಾಸಿನ ಲೆಕ್ಕ. ನಾನು ಮಾಡಲಿಲ್ಲ.

ಆಮೇಲೆ ಒಂದು ಹಾಳೆ ತೆಗೆದು ಪರೀಕ್ಷೆ ಮಾಡಿದರು. ಇವತ್ತು ಯಾವ ವಾರ, ಯಾವ ತಿಂಗಳು. ಗಡಿಯಾರ ಬರೆದು ಒಂಬತ್ತೂಕಾಲು ತೋರಿಸಿ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಐದು ಪದ ಹೇಳುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ: ಸೇತುವೆ, ಕಿತ್ತಳೆ, ಗಂಟೆ, ಉಣ್ಣೆ, ನೀಲಿ. ಹೆಕ್ಟರ್‌ಗೆ ನೆನಪಾದದ್ದು ಕಿತ್ತಳೆ ಒಂದೇ. ಮೂವತ್ತಕ್ಕೆ ಹತ್ತೊಂಬತ್ತು ಬಂತು.

"ಇಂಗ್ಲಿಷ್ ನಿಮ್ಮ ಮೊದಲ ಭಾಷೆ ಅಲ್ಲ. ಗಾಬರಿಯೂ ಇರಬಹುದು" ಎಂದರು ಡಾಕ್ಟರು. "ಆರು ವಾರ ಬಿಟ್ಟು ಇನ್ನೊಮ್ಮೆ ನೋಡೋಣ. ಆಗಲೂ ಹೀಗೇ ಇದ್ದರೆ ಮೆಮೊರಿ ಕ್ಲಿನಿಕ್ಕಿಗೆ ಬರೆದುಕೊಡುತ್ತೇನೆ."

ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಆರು ವಾರ ಎನ್ನುವುದೊಂದೇ. ಆರು ವಾರದಲ್ಲಿ ನಾನು ಎಂತೆಂಥ ಮಕ್ಕಳನ್ನು ದಡ ಸೇರಿಸಿಲ್ಲ! ಆ ಹಾಳೆ ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಯೇ ಇತ್ತು. ಪ್ರಶ್ನೆಪತ್ರಿಕೆ ನೋಡಿದರೆ ಅಚ್ಚೊತ್ತಿಕೊಳ್ಳುವ ಕಣ್ಣು ನನ್ನದು. ಮನೆಗೆ ಬಂದು ಅಷ್ಟನ್ನೂ ಬರೆದಿಟ್ಟೆ.

ಇದನ್ನು ಮೋಸ ಎಂದು ನಾನು ಒಂದು ಗಳಿಗೆಯೂ ಅಂದುಕೊಳ್ಳಲಿಲ್ಲ. ಹೆದರಿದ್ದೆ, ಅಷ್ಟೆ. ಹೆದರಿದಾಗ ಕೆಲವರು ದೇವರ ಕೋಣೆಗೆ ಹೋಗುತ್ತಾರೆ. ನಾನು ವೇಳಾಪಟ್ಟಿ ಹಾಕುತ್ತೇನೆ. ಬೆಳಿಗ್ಗೆ ಏಳೂವರೆಯಿಂದ ಎಂಟು, ಊಟದ ಮೇಜಿನ ಹತ್ತಿರ, ದಿನವೂ. ಗಡಿಯಾರ ಬರೆಯುವುದು ಎರಡು ವಾರದಲ್ಲಿ ಬಂತು. ಏಳೇಳು ಕಳೆಯುವುದನ್ನು ಮಗ್ಗಿಯ ಹಾಗೆ ರಾಗದಲ್ಲಿ ಹೇಳಿಸಿದೆ. ಕಷ್ಟವಾದದ್ದು ಆ ಐದು ಪದ. ಹೆಕ್ಟರ್‌ಗೆ ಅವು ಪದಗಳಾಗಿ ಉಳಿಯುತ್ತಿರಲಿಲ್ಲ. ಒಂದೊಂದೂ ಅವನನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿತ್ತು.

"ಸೇತುವೆ" ಎನ್ನುತ್ತಿದ್ದೆ.

"ನಮ್ಮೂರಲ್ಲಿ ಒಂದು ಕಬ್ಬಿಣದ ಸೇತುವೆ ಇತ್ತು, ಪ್ರೊಫೆ. ಒಂದಿನ ಅಮ್ಮ ಅದರ ಮಧ್ಯ ನಿಂತುಬಿಟ್ಟಿದ್ದಳು. ಹೋಗೋ ಬರೋರನ್ನೆಲ್ಲ ಹೊಳೆ ಎಲ್ಲಿದೆ ಹೊಳೆ ಎಲ್ಲಿದೆ ಅಂತ ಕೇಳ್ತಿದ್ದಳು. ನಾನು ಸೈಕಲ್ ತಗೊಂಡು..."

"ಕಥೆ ಬೇಡ, ಹೆಕ್ಟರ್. ಮುಂದಿನ ಪದ."

"ಕಿತ್ತಳೆ. ನನ್ನ ಚಿಕ್ಕಮ್ಮ ಎಲ್ವೀರಾ ಸುಲಿದ ಕಿತ್ತಳೆ ಎಲ್ಲಾ ದಿಂಬಿನ ಕೆಳಗೆ..."

"ಹೆಕ್ಟರ್!"

"ಅಮ್ಮನಿಗಿಂತ ಮೊದಲೇ ಅವಳಿಗೆ..."

"ಡಾಕ್ಟರು ಕಥೆ ಕೇಳೋದಿಲ್ಲ. ಪದ ಕೇಳ್ತಾರೆ. ಮೂರನೇದು ಏನು?"

ಗಂಟೆ ಎಂದರೆ ಅವನ ಅಜ್ಜ. ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸವಂತೆ. ಒಂದು ಭಾನುವಾರ ಹೊಡೆಯಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲವಂತೆ. ಜನ ಮೇಲೆ ಹತ್ತಿ ಕೈ ಹಿಡಿದುಕೊಳ್ಳಬೇಕಾಯಿತಂತೆ. ಆಗ ಅವರಿಗೆ ಎಷ್ಟು ವಯಸ್ಸು ಎಂದು ಅವನು ಹೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಉಣ್ಣೆಗೂ ಏನೋ ಇತ್ತು. ನೀಲಿಗೂ ಇತ್ತು, ಯಾರದೋ ಮನೆಯ ಬಾಗಿಲು. ಅಷ್ಟರ ಹೊತ್ತಿಗೆ ಅವನು ಬಾಯಿ ತೆರೆದ ಕೂಡಲೇ ನಾನು ಪೆನ್ಸಿಲ್ಲಿನಿಂದ ಮೇಜು ಕುಟ್ಟುವುದನ್ನು ರೂಢಿ ಮಾಡಿಕೊಂಡಿದ್ದೆ. ನಾಲ್ಕನೆಯ ವಾರದಲ್ಲಿ ಕಥೆಗಳು ನಿಂತವು. ಐದೂ ಪದಗಳು ಸಾಲಾಗಿ, ಶುದ್ಧವಾಗಿ ಬರತೊಡಗಿದವು. "ವೆರಿ ಗುಡ್" ಎಂದೆ. ಮಕ್ಕಳ ಹಾಗೆ ಮುಖ ಅರಳಿಸಿದ.

ಎರಡನೆಯ ಸಲ ಪರೀಕ್ಷೆ ಮಾಡಿದ್ದು ನರ್ಸು. ಅದೇ ಹಾಳೆ. ಮೂವತ್ತಕ್ಕೆ ಇಪ್ಪತ್ತೇಳು. ಡಾಕ್ಟರು ಖುಷಿಪಟ್ಟರು. ಸದ್ಯಕ್ಕೆ ಚಿಂತೆಯಿಲ್ಲ, ವರ್ಷ ಬಿಟ್ಟು ಬನ್ನಿ ಎಂದರು. ಕಾರಿನಲ್ಲಿ ಕೂತ ಮೇಲೆ ಹೆಕ್ಟರ್ ಸೀಟ್ ಬೆಲ್ಟ್ ಹಾಕಿಕೊಂಡು ನನ್ನ ಕಡೆ ತಿರುಗಿದ.

"ಪ್ರೊಫೆ, ನಾವು ಕಾಪಿ ಹೊಡೆದೆವಾ?"

"ಇಲ್ಲ. ಓದಿದೆವು."

"ಹಾಗಾದ್ರೆ ನಂಗೆ ಏನೂ ಆಗಿಲ್ವಾ?"

"ಇಪ್ಪತ್ತೇಳು ಬಂದಿದೆ" ಎಂದೆ. ಅದು ಅವನ ಪ್ರಶ್ನೆಗೆ ಉತ್ತರವಲ್ಲ. ಅವತ್ತು ಶ್ಯಾವಿಗೆ ಪಾಯಸ ಮಾಡಿದೆ.

ಊರಿನ ಇನ್ನೊಂದು ತುದಿಗೆ, ಫ್ಲ್ಯಾಟ್ ಬುಷ್‌ನಲ್ಲಿರುವ ಲೀಲಾಗೆ ಫೋನು ಮಾಡಿದೆ. ಅವಳಿಗೆ ಆಗ ಮೂವತ್ತನಾಲ್ಕು. ಇಲ್ಲೇ ಹುಟ್ಟಿದವಳು, ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಸೋ ಡ್ಯಾಡ್ ಈಸ್ ಫೈನ್? ಅಮ್ಮಾ, ಆರ್ ಯೂ ಶೂರ್?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೂಂ ಎಂದೆ. ಅವಳು ಏಕೆ ಅಷ್ಟು ಒತ್ತಿ ಕೇಳಿದಳು ಎಂದು ನಾನು ಕೇಳಲಿಲ್ಲ, ತಿಳಿದದ್ದು ಬಹಳ ಆಮೇಲೆ. ಅವಳೂ ಅವಳ ಗಂಡನೂ ಮಗು ಬೇಕೆಂದುಕೊಂಡಿದ್ದರು. ಅಪ್ಪನಿಗೆ ಬಂದಿರುವುದು ರಕ್ತದಲ್ಲಿ ಬರುವಂಥದ್ದಾದರೆ ಮೊದಲು ಅದನ್ನು ತಿಳಿದುಕೊಂಡು ಆಮೇಲೆ ಮುಂದುವರಿಯೋಣ ಎಂದು ಕಾದು ಕೂತಿದ್ದರು. ನನ್ನ ಎರಡು "ಹೂಂ" ಕೇಳಿ ಕಾಯುವುದನ್ನು ಬಿಟ್ಟರು.

ಒಂದು ವರ್ಷ ಹೀಗೆ ಹೋಯಿತು. ಅದನ್ನು ನಾನು ಒಳ್ಳೆಯ ವರ್ಷ ಎಂದೇ ಲೆಕ್ಕ ಹಿಡಿದಿದ್ದೆ.

ನ್ಯೂ ನಾರ್ತ್ ರೋಡಿನ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ನಜ್ಮಾ ಗದಗಿನ ಹುಡುಗಿ. ಕನ್ನಡ ಆಡುವ ಆಸೆಗೇ ನಾನು ಅಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲುವುದುಂಟು. ಒಂದು ದಿನ ಅವಳು ಕೌಂಟರ್ ಬಿಟ್ಟು ಹೊರಗೆ ಬಂದಳು.

"ಆಂಟಿ, ಒಳಗ ಬರ್ರಿ ಒಂದ್ ನಿಮಿಷ. ಅಂಕಲ್ ಮುಂಜಾನಿಂದ ಮೂರ್ ಸಲ ಬಂದು ಹೋಗ್ಯಾರ್ರಿ. ಮೂರೂ ಸಲ ಬಿ.ಪಿ. ಗುಳಿಗಿ ಕೇಳಿದ್ರು. ನಾ ಹೋದ ವಾರನ ಕೊಟ್ಟೀನಿ."

"ಅವರಿಗೇನೂ ಇಲ್ಲಮ್ಮ. ಟೆಸ್ಟ್ ಆಗಿದೆ. ಇಪ್ಪತ್ತೇಳು ಬಂದಿದೆ."

"ಹಂಗಾದ್ರ ಛಲೋ ಆತು ಬಿಡ್ರಿ" ಎಂದಳು. ಆದರೆ ಅವಳ ಮುಖ ಹಾಗೆ ಹೇಳಲಿಲ್ಲ. ನಾನು ಸ್ವಲ್ಪ ಹೆಮ್ಮೆಯಿಂದಲೇ ಆರು ವಾರದ ತಯಾರಿಯನ್ನು ವಿವರಿಸಿದೆ. ಕೇಳುತ್ತಾ ಕೇಳುತ್ತಾ ಅವಳು ನಕ್ಕಳು, ಆಮೇಲೆ ನಗು ನಿಂತಿತು.

"ಅಯ್ಯ ಆಂಟಿ! ಜ್ವರ ನೋಡೋ ಥರ್ಮಾಮೀಟರ್ ತಣ್ಣೀರಾಗ ಅದ್ದಿ, ಜ್ವರ ಇಲ್ಲ ಅಂದಂಗಾತಲ್ರಿ ಇದು."

ಅಲ್ಲಿ ಬಿ.ಪಿ. ನೋಡಲು ಬರುವವರಿಗೆ ಹಾಕಿದ್ದ ಕುರ್ಚಿಯಲ್ಲಿ ಕೂತೆ. ನಜ್ಮಾ ನೀರು ತಂದುಕೊಟ್ಟಳು. "ಬೈದಿಲ್ರಿ ನಾ" ಎಂದಳು. "ನಮ್ಮವ್ವ ಇದ್ರೂ ಇದನ್ನ ಮಾಡ್ತಿದ್ಲು. ಈಗ ಹೋಗಿ ಡಾಕ್ಟರ್ ಮುಂದ ಖರೇ ಹೇಳ್ರಿ."

ಹೇಳಿದೆ. ಎಪ್ಪತ್ತರ ಹತ್ತಿರದ ನಾನು ಹೆಡ್ಮಾಸ್ಟರ ಮುಂದೆ ನಿಂತ ಹುಡುಗಿಯಂತೆ ಅಷ್ಟನ್ನೂ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವತ್ತೇ ಮೆಮೊರಿ ಕ್ಲಿನಿಕ್ಕಿಗೆ ಪತ್ರ ಬರೆದರು.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ನಾವು ಕೂತ ಗಂಟೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಜೋಡಿಯಲ್ಲಿ ಕಾಯಿಲೆ ಯಾರಿಗೆ ಎಂದು ಊಹಿಸುವುದು ಬೇಡವೆಂದು. ಮೊದಲ ದಿನ ಹೆಕ್ಟರ್ ಪತ್ರಿಕೆಗಳಿಟ್ಟಿದ್ದ ಪುಟ್ಟ ಮೇಜನ್ನು ಅಲ್ಲಾಡಿಸಿ ನೋಡಿದ. ನೆಲಕ್ಕೆ ಬಗ್ಗಿ ಕೂತು, ನನ್ನ ಕೈಯಲ್ಲಿದ್ದ ಅಪಾಯಿಂಟ್‌ಮೆಂಟ್ ಪತ್ರ ಕಿತ್ತುಕೊಂಡು, ನಾಲ್ಕು ಮಡಿಕೆ ಮಡಿಸಿ ಒಂದು ಕಾಲಿನ ಕೆಳಗೆ ತುರುಕಿದ. ಮೇಜು ನಿಂತಿತು. ಒಳಗೆ ಕೂತಿದ್ದ ರಿಸೆಪ್ಷನಿಸ್ಟ್ ಎದ್ದು ಬಂದು, "ಮೂರು ವರ್ಷದಿಂದ ಅದರ ಜೊತೆ ಹೆಣಗ್ತಿದ್ದೆ, ಥ್ಯಾಂಕ್ಸ್" ಎಂದಳು. ಆಮೇಲೆ ಪ್ರತಿ ಸಲವೂ ಅವನು ಬಂದ ಕೂಡಲೇ, "ಹೆಕ್ಟರ್, ನಿಮ್ಮ ಮೇಜು ಒಮ್ಮೆ ನೋಡಿಬಿಡಿ" ಎನ್ನುತ್ತಿದ್ದಳು. ಅವನು ಕೆಲಸಕ್ಕೆ ಬಂದವನ ಹಾಗೆ ಠೀವಿಯಿಂದ ಒಳಗೆ ಹೋಗುತ್ತಿದ್ದ. ಅವಳ ಹೆಸರು ನನಗೆ ಗೊತ್ತಿಲ್ಲ. ಅವಳನ್ನು ಮರೆಯಲಾರೆ.

ಸ್ಕ್ಯಾನ್ ಆಯಿತು, ಮತ್ತೇನೇನೋ ಆಯಿತು. ಆಲ್ಜೈಮರ್ ಎಂದರು. ಹೆಕ್ಟರ್ ನನ್ನ ಕೈ ತಟ್ಟಿ, "ಸಾಕು, ಪ್ರೊಫೆ" ಎಂದ. ನಾನು ಅಳುತ್ತಿರಲಿಲ್ಲ. ಆದರೂ ಹಾಗೆ ಅಂದ. ಅಷ್ಟು ಚಿಕ್ಕ ವಯಸ್ಸಿಗೆ ಬಂದಿದ್ದರಿಂದ, ತಾಯಿಯ ವಿಷಯವೂ ಇದ್ದುದರಿಂದ, ವಂಶವಾಹಿಯ ಪರೀಕ್ಷೆಗೆ ಹೆಸರು ಬರೆಸಿದರು. ಅದರ ಸರದಿ ಬಂದು ಫಲಿತಾಂಶ ಕೈಗೆ ಸಿಗುವಷ್ಟರಲ್ಲಿ ಇನ್ನೂ ನಾಲ್ಕು ತಿಂಗಳು. ಅಷ್ಟರಲ್ಲಿ ಹೆಕ್ಟರ್ ಚಿಲಿಯ ಹೆಸರೆತ್ತುವುದನ್ನೂ ಬಿಟ್ಟಿದ್ದ. ಲೀಲಾ ಏಳು ತಿಂಗಳ ಬಸುರಿಯಾಗಿದ್ದಳು.

ಫಲಿತಾಂಶದ ದಿನ ಮೂವರೂ ಹೋದೆವು. ಕ್ಲಿನಿಕ್ಕಿನ ಡಾಕ್ಟರು ನಿಧಾನವಾಗಿ ಹೇಳಿದರು. ಹೆಕ್ಟರ್‌ನ ಒಂದು ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ. ಆದರೆ ಆ ಬದಲಾವಣೆಯೇ ಕಾಯಿಲೆ ತರುತ್ತದೋ, ಅಥವಾ ಅದು ಮೂಗಿನ ಆಕಾರದ ಹಾಗೆ ಮನೆತನದಲ್ಲಿ ಸುಮ್ಮನೆ ಇರುವಂಥದ್ದೋ ಹೇಳಲು ಆಗುವುದಿಲ್ಲ.

"ಏಕೆ ಆಗುವುದಿಲ್ಲ?" ಎಂದೆ. ನನಗೆ ಉತ್ತರವಿಲ್ಲದ ಲೆಕ್ಕ ಕಂಡರೆ ಮೊದಲಿನಿಂದಲೂ ಸಿಟ್ಟು.

"ಇಂಥದ್ದನ್ನು ಬೇರೆಯವರ ಜೊತೆ ಹೋಲಿಸಿ ನೋಡಬೇಕು. ನಮ್ಮ ಪಟ್ಟಿಗಳಲ್ಲಿ ಇರುವವರು ಹೆಚ್ಚಾಗಿ ಯುರೋಪ್ ಮೂಲದವರು. ಲ್ಯಾಟಿನ್ ಅಮೆರಿಕದವರಲ್ಲಿ ಅಲ್ಲಿನ ಮೂಲನಿವಾಸಿಗಳು, ಸ್ಪೇನಿನವರು, ಆಫ್ರಿಕದವರು, ಎಲ್ಲರದೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿದೆ. ಒಬ್ಬರಲ್ಲಿ ತೊಂದರೆ ಕೊಡುವುದು ಇನ್ನೊಬ್ಬರಲ್ಲಿ ಅಷ್ಟು ಕೊಡದಿರಬಹುದು. ಅವರ ವಿಷಯ ನಮಗೆ ಗೊತ್ತಿರುವುದು ಕಡಿಮೆ. ಇಂಥ ಕಡೆ ಮನೆತನದ ಚರಿತ್ರೆ ತುಂಬಾ ಸಹಾಯವಾಗುತ್ತದೆ. ಅವರ ಕಡೆ ಬೇರೆ ಯಾರಿಗಾದರೂ ಮರೆವು ಇತ್ತೇ? ಯಾವ ವಯಸ್ಸಿಗೆ ಶುರುವಾಯಿತು? ಯಾರು ಚೆನ್ನಾಗಿದ್ದರು?"

ಆಕೆ ಹೆಕ್ಟರ್‌ನ ಕಡೆ ತಿರುಗಿದರು. ಲೀಲಾಳೂ ತಿರುಗಿದಳು.

ಹೆಕ್ಟರ್ ಡಾಕ್ಟರನ್ನು ನೋಡಿ ಸೌಜನ್ಯದಿಂದ ನಕ್ಕು, "ಊಟ ಆಯ್ತಾ?" ಎಂದು ಕೇಳಿದ.

ಸೇತುವೆ, ಕಿತ್ತಳೆ, ಗಂಟೆ. ತಾಯಿ, ಚಿಕ್ಕಮ್ಮ, ಅಜ್ಜ. ಆಕೆ ಕೇಳಿದ ಚರಿತ್ರೆ ಎರಡು ವರ್ಷದ ಹಿಂದೆ, ಏಳೂವರೆಯಿಂದ ಎಂಟರವರೆಗೆ, ನನ್ನ ಊಟದ ಮೇಜಿನ ಮೇಲೆ ದಿನವೂ ಬಂದು ಕೂರುತ್ತಿತ್ತು. ನಾನು ಪೆನ್ಸಿಲ್ಲಿನಿಂದ ಕುಟ್ಟಿ ಎಬ್ಬಿಸಿ ಕಳಿಸುತ್ತಿದ್ದೆ. ಉಣ್ಣೆ ಯಾರು, ನೀಲಿ ಬಾಗಿಲು ಯಾರದು, ಅವರಿಗೆ ಮರೆವು ಇತ್ತೋ ಅಥವಾ ಅವರೇ ಆ ಮನೆಯಲ್ಲಿ ನೆಟ್ಟಗಿದ್ದವರೋ, ನನಗೆ ತಿಳಿಯದು. ನನಗೆ ಗೊತ್ತಿದ್ದಷ್ಟನ್ನು ಅಲ್ಲೇ ಹೇಳಿದೆ. ವಯಸ್ಸು ಬರೆಯುವ ಜಾಗವನ್ನು ಡಾಕ್ಟರು ಖಾಲಿ ಬಿಟ್ಟರು.

ಅವನ ಜೊತೆ ಬಂದಿದ್ದ ಅಕ್ಕ ಐವತ್ತಕ್ಕೆ ಬೇರೆ ಕಾಯಿಲೆಯಿಂದ ತೀರಿಕೊಂಡಿದ್ದಳು. ಅವರ ಊರಿನ ಚರ್ಚಿಗೆ ಪತ್ರ ಬರೆಸಿದೆ. ಯಾರೋ ಪುಣ್ಯಾತ್ಮರು ದಫ್ತರ ಹುಡುಕಿ ಹುಟ್ಟಿದ ವರ್ಷ, ಸತ್ತ ವರ್ಷ ಕಳಿಸಿದರು. ಹೆಕ್ಟರ್ ಹಡಗು ಹತ್ತಿದಾಗ ಅವನ ತಾಯಿಗೆ ಐವತ್ತೆರಡು. ವಯಸ್ಸಾಗಿತ್ತು ಎಂದು ನಾನು ಹೇಳಿದ ಹೆಂಗಸು. ಆದರೆ ಮರೆವು ಶುರುವಾದ ವರ್ಷ ಯಾವ ದಫ್ತರದಲ್ಲೂ ಇರುವುದಿಲ್ಲ. ಅದು ಮನೆಯವರ ಬಾಯಲ್ಲಿ ಮಾತ್ರ ಇರುತ್ತದೆ. ತಾಯಿಯೊಬ್ಬರ ವಯಸ್ಸಿನಿಂದ ತೀರ್ಮಾನ ಮಾಡಲಾಗದು ಎಂದರು ಡಾಕ್ಟರು. ಮುಂದೆ ಅಂಥ ಜನರ ವಿವರ ಹೆಚ್ಚು ಸೇರಿದಾಗ ಉತ್ತರ ಬದಲಾಗಬಹುದು, ಆಗ ತಿಳಿಸುತ್ತೇವೆ ಎಂದರು.

ಲೀಲಾಗೆ ನಾನು ಆ ಆರು ವಾರದ ತಯಾರಿಯನ್ನೂ ಪೆನ್ಸಿಲ್ಲನ್ನೂ ಹೇಳಿದ್ದು ಮಗು ಹುಟ್ಟಿದ ಮೇಲೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪೂರ್ತಿ ಕೇಳಿದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. "ಗೊತ್ತಿದ್ದಿದ್ರೂ ಬಹುಶಃ ನಾನು ಇವಳನ್ನ ಹೆರ್ತಿದ್ದೆ, ಅಮ್ಮ. ಆದ್ರೆ ಅದು ನನ್ನ ಪರೀಕ್ಷೆ ಆಗಿತ್ತು. ಅದನ್ನೂ ನೀನೇ ಬರೆದುಬಿಟ್ಟೆ." ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮಗುವನ್ನು ಕೊಟ್ಟಳಲ್ಲ ಎನ್ನುವುದನ್ನೇ ನಾನು ಈಗಲೂ ಆಸರೆಯಾಗಿ ಹಿಡಿದುಕೊಂಡಿದ್ದೇನೆ.

ಈಗ ನಾವು ಈ ಕಾಯಿಲೆಯ ಜೊತೆ ಒಂದು ರೀತಿ ಒಗ್ಗಿಕೊಂಡಿದ್ದೇವೆ. ಆರಕ್ಕೆ ಕಾಫಿ, ಏಳಕ್ಕೆ ತಿಂಡಿ ನಡೆದೇ ಇದೆ. ಅವನಿಗೆ ಅದರಿಂದ ಅನುಕೂಲವೂ ಇದೆ. ನನ್ನ ಹೆಸರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಲೀಲಾಳನ್ನು ತನ್ನ ಅಕ್ಕನೆಂದುಕೊಳ್ಳುತ್ತಾನೆ. ಮೊಮ್ಮಗಳನ್ನು ಕಂಡರೆ, ಯಾರೆಂದು ತಿಳಿಯದಿದ್ದರೂ, ಕೂರಲು ಜಾಗ ಬಿಡುತ್ತಾನೆ.

ಏಳೂವರೆಗೆ ಮಾತ್ರ ಯಾರೂ ಕರೆಯದೆ ಊಟದ ಮೇಜಿಗೆ ಬಂದು, ಬೆನ್ನು ನೆಟ್ಟಗೆ ಮಾಡಿ ಕೂತು, ನನ್ನನ್ನು ನೋಡುತ್ತಾ ಹೇಳುತ್ತಾನೆ: "ಸೇತುವೆ, ಕಿತ್ತಳೆ, ಗಂಟೆ, ಉಣ್ಣೆ, ನೀಲಿ." ಒಂದೂ ತಪ್ಪುವುದಿಲ್ಲ. ಉಳಿದದ್ದೆಲ್ಲ ಹೋದ ತಲೆಯಲ್ಲಿ ನಾನು ಕೂರಿಸಿದ್ದು ಮಾತ್ರ ಭದ್ರವಾಗಿ ಕೂತಿದೆ.

ನಾನು ಪುಸ್ತಕ, ಪೆನ್ಸಿಲ್ಲು ಇಟ್ಟುಕೊಂಡು ಎದುರಿಗೆ ಕೂರುತ್ತೇನೆ. ಪೆನ್ಸಿಲ್ಲನ್ನು ಕುಟ್ಟುವುದಿಲ್ಲ.

"ಯಾವ ಸೇತುವೆ, ಹೆಕ್ಟರ್?" ಎಂದು ಕೇಳುತ್ತೇನೆ. "ಕಥೆ ಹೇಳು. ನನಗೆ ಬೇಕಾದಷ್ಟು ಹೊತ್ತಿದೆ."

ಪಾಠದಲ್ಲಿ ಇಲ್ಲದ್ದನ್ನು ಕೇಳಿದ ಟೀಚರನ್ನು ಮಕ್ಕಳು ನೋಡುವ ಹಾಗೆ ನನ್ನನ್ನು ನೋಡುತ್ತಾನೆ. ಆಮೇಲೆ, ನನಗೆ ಬೇಸರವಾಗದಿರಲಿ ಎಂದು, ತನಗೆ ಗೊತ್ತಿರುವುದನ್ನು ಹೇಳುತ್ತಾನೆ.

"ಕಿತ್ತಳೆ."

"ವೆರಿ ಗುಡ್" ಎನ್ನುತ್ತೇನೆ.